ಟಾಕಾ ಬದಲು ಸ್ಪ್ರೇ ಅಂಟು: ಕೌದಿಯ ಪದರ ಕೂಡಿಸೋದು ಹೇಗೆ

ಕೌದಿ ಹೊಲಿಯೋರಿಗೆ ಹೊಲಿಗೆಗಿಂತ ಕಷ್ಟದ ಕೆಲಸ ಅಂದರೆ ಪದರ ಕೂಡಿಸೋದು. ಕೆಳಗೆ ಅಸ್ತರ, ನಡುವೆ ಹತ್ತಿ ಇಲ್ಲವೇ ಹಳೆ ಸೀರೆ, ಮೇಲೆ ತುಂಡು ಜೋಡಿಸಿದ ಬಟ್ಟೆ. ಈ ಮೂರೂ ಅಲುಗಾಡದೆ ಕೂತರೆ ಮಾತ್ರ ಮುಂದಿನ ಹೊಲಿಗೆ ನೆಟ್ಟಗೆ ಬರುತ್ತದೆ. ನಮ್ಮವ್ವ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ, ಈ ತುದಿಯಿಂದ ಆ ತುದಿಗೆ ಗೇಣುದ್ದದ ಟಾಕಾ, ಅಂದರೆ ಪದರ ಜಾರದಂತೆ ಹಿಡಿದಿಡುವ ಕಚ್ಚಾ ಹೊಲಿಗೆ, ಹಾಕುತ್ತಿದ್ದಳು. ಒಂದು ಕೌದಿಗೆ ಅರ್ಧ ದಿನ ಹೋಗುತ್ತಿತ್ತು. ಈಗ ಅವಳ ಮಂಡಿ ಅಷ್ಟು ಹೊತ್ತು ನೆಲಕ್ಕೆ ಊರೋದಿಲ್ಲ. ನಾನು ಹೊಲಿಯೋದು ಮಸಿನ್ ಮೇಲೆ, ಅದಕ್ಕೆ ಈ ಟಾಕಾ ದಾರ ಮಸಿನ್ನಿನ ಪಾದಕ್ಕೆ (ಬಟ್ಟೆ ಒತ್ತಿ ಹಿಡಿಯುವ ಭಾಗಕ್ಕೆ) ಸಿಕ್ಕಿಕೊಂಡು ಇನ್ನೊಂದು ಕಿರಿಕಿರಿ. ಅದಕ್ಕೇ ಸ್ಪ್ರೇ ಅಂಟಿಗೆ ಬಂದೆ. ನಾಲ್ಕಾರು ಕೌದಿ ಆದ ಮೇಲೆ ಕೈಗೆ ಹತ್ತಿದ ಲೆಕ್ಕವನ್ನು ಇಲ್ಲಿ ಹೇಳುತ್ತೇನೆ. ಕಲಬುರಗಿಯ ಬಿಸಿಲು, ಗಾಳಿ, ಧೂಳು ಇಟ್ಟುಕೊಂಡು ಇದನ್ನು ಮಾಡೋದಕ್ಕೆ ಬೇರೆ ಊರಿನವರು ಹೇಳಿದ್ದು ಪೂರ್ತಿ ಸಾಲೋದಿಲ್ಲ.

ಮೊದಲೇ ಒಂದು ಮಾತು. ಈ ಅಂಟು ಕೌದಿಯನ್ನು ಹಿಡಿದಿಡೋದಿಲ್ಲ, ಹೊಲಿಗೆ ಹಿಡಿದಿಡುತ್ತದೆ. ಹೊಲಿಗೆ ಬೀಳುವ ತನಕ ಬಟ್ಟೆ ಜಾರದಿದ್ದರೆ ಅಂಟಿನ ಕೆಲಸ ಮುಗಿಯಿತು. ಆದ್ದರಿಂದ "ಇಷ್ಟು ಸಾಕಾ?" ಅಂತ ಅನುಮಾನ ಬರುವಷ್ಟು ಕಡಿಮೆ ಹೊಡೆಯಬೇಕು. ಸ್ಪ್ರೇ ಅಂಟಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಜಾಸ್ತಿ ಹೊಡೆದು ಆದವೇ.

ಯಾವ ಡಬ್ಬಿ ತರಬೇಕು

ಡಬ್ಬಿಯ ಮೇಲೆ ಟೆಂಪರರಿ ಅಂತಲೂ ಫ್ಯಾಬ್ರಿಕ್ ಅಂತಲೂ ಎರಡೂ ಮಾತು ಇರಬೇಕು. ಅಂದರೆ ಬಟ್ಟೆಗೆ ಅಂಟುವ, ಬೇಕಾದಾಗ ಎತ್ತಿ ಮತ್ತೆ ಕೂರಿಸಲು ಬರುವ, ತೊಳೆದರೆ ಹೋಗುವ ಅಂಟು. ಫ್ರಾನ್ಸ್‌ನ ಓಡಿಫ್ ಕಂಪನಿಯ 505 ಅನ್ನೋದು ಈ ಕೆಲಸದಲ್ಲಿ ಹೆಸರಾದದ್ದು. ಹಾಗೆಯೇ ಬೇರೆ ಕಂಪನಿಗಳದ್ದೂ ಇವೆ. ಕಂಪ್ಯೂಟರ್ ಎಂಬ್ರಾಯ್ಡರಿ ಮಾಡೋರೂ ಇಂಥದ್ದನ್ನೇ ಬಳಸುತ್ತಾರೆ, ಆದ್ದರಿಂದ ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ಎಲ್ಲಿ ತರಿಸುತ್ತಾರೆ ಅಂತ ಕೇಳಿ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಫೋಮ್, ಕಾರ್ಪೆಟ್, ರೆಗ್ಜಿನ್ ಅಂಟಿಸೋಕೆ ಕೊಡುವ ಸ್ಪ್ರೇ ಮಾತ್ರ ಬೇಡವೇ ಬೇಡ. ಅದು ಪರ್ಮನೆಂಟ್. ಸೂಜಿಗೆ ಮೆತ್ತಿಕೊಳ್ಳುತ್ತದೆ, ಬಟ್ಟೆ ಬಿರುಸಾಗುತ್ತದೆ, ಎಷ್ಟು ತೊಳೆದರೂ ಹೋಗೋದಿಲ್ಲ.

ಇನ್ನು ಡಬ್ಬಿಯ ಮೇಲೆ ಬೆಂಕಿಯ ಗುರುತು ಇರುತ್ತದೆ. ಅದನ್ನು ನಂಬಿ. ಒಳಗಿರುವ ಗ್ಯಾಸ್ ಬೇಗ ಹೊತ್ತಿಕೊಳ್ಳುವಂಥದ್ದು. ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ, ಬಿಸಿ ಇಸ್ತ್ರಿ ಯಾವುದೂ ಹತ್ತಿರ ಇರಬಾರದು. ನಮ್ಮ ಮನೆಗಳಲ್ಲಿ ಪಡಸಾಲೆಗೆ ಹೊಂದಿಕೊಂಡೇ ದೇವರ ಜಗುಲಿ ಇರುತ್ತದೆ ಅಲ್ವಾ, ಆವತ್ತು ದೀಪ ಹಚ್ಚುವುದಿದ್ದರೆ ಸ್ಪ್ರೇ ಕೆಲಸ ಮುಗಿದು, ಕಿಟಕಿ ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಹಚ್ಚಿ.

ಹೊತ್ತು ಮತ್ತು ಜಾಗ

ನಾನು ಮೊದಲ ಸಲ ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲೆ ಮಾಡಿದೆ. ವಾಸನೆ ಮನೆಯೊಳಗೆ ಬರಬಾರದು ಅನ್ನೋದು ಸರಿಯಾದ ವಿಚಾರವೇ, ಆದರೆ ಹೊತ್ತು ಹನ್ನೊಂದು ದಾಟಿತ್ತು. ಬಿಸಿ ಗಾಳಿಗೆ ಅಂಟು ಬಟ್ಟೆ ಮುಟ್ಟುವ ಮೊದಲೇ ಒಣಗಿ ಎಳೆ ಎಳೆಯಾಗಿ ಹಾರಿತು. ಬಿದ್ದಷ್ಟರ ಮೇಲೆ ಧೂಳು ಕೂತಿತು. ಅಂಟುತ್ತಿಲ್ಲ ಅಂತ ಇನ್ನಷ್ಟು ಹೊಡೆದೆ. ಆಮೇಲೆ ಮಸಿನ್ ಮೇಲೆ ಕೂತರೆ ಪ್ರತಿ ಹತ್ತು ಹೊಲಿಗೆಗೆ ದಾರ ತುಂಡು. ಆ ಕೌದಿಯ ಬಿಳಿ ಅಸ್ತರದಲ್ಲಿ ಧೂಳಿನ ಕಲೆ ಇವತ್ತಿಗೂ ಇದೆ.

ಅದಕ್ಕೆ ನನ್ನ ಲೆಕ್ಕ ಇದು. ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಎಂಟರ ಒಳಗೆ ಮುಗಿಸಿ. ಗಾಳಿ ಕಡಿಮೆ, ಕಲ್ಲು ಇನ್ನೂ ತಣ್ಣಗಿರುತ್ತದೆ, ಮಕ್ಕಳೂ ಎದ್ದಿರುವುದಿಲ್ಲ. ಬಾಗಿಲು ಕಿಟಕಿ ಎಲ್ಲ ತೆರೆದ ಪಡಸಾಲೆ ಒಳ್ಳೆಯದು, ಅಥವಾ ಮೂರು ಕಡೆ ಗೋಡೆ ಇರುವ ಅಂಗಳ. ಹೊಡೆಯುವಾಗ ತಲೆ ಮೇಲಿನ ಫ್ಯಾನ್ ಬಂದ್ ಮಾಡಿ, ಇಲ್ಲದಿದ್ದರೆ ಅಂಟು ಗೋಡೆಗೆ, ಟಿವಿಗೆ, ನಿಮ್ಮ ಕೂದಲಿಗೆ ಹೋಗಿ ಕೂರುತ್ತದೆ. ಒಂದು ಭಾಗ ಹೊಡೆದು ಅಂಟಿಸಿದ ಮೇಲೆ ಎದ್ದು ಹೊರಗೆ ಹೋಗಿ ಗಾಳಿ ತೆಗೆದುಕೊಂಡು ಬನ್ನಿ. ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಅಂಟಿನ ಹನಿಯನ್ನು ಸ್ವಲ್ಪ ತಡೆಯಬಹುದು, ವಾಸನೆಯನ್ನು ತಡೆಯೋದಿಲ್ಲ, ಹಾಗಾಗಿ ತೆರೆದ ಕಿಟಕಿಯೇ ಮುಖ್ಯ. ದಮ್ಮು ಇರುವವರು, ಬಸುರಿಯರು, ಚಿಕ್ಕ ಮಕ್ಕಳು ಆ ಹೊತ್ತಿಗೆ ಆ ಕೋಣೆಯಲ್ಲಿ ಇರಬಾರದು. ಗಿಳಿ, ಗುಬ್ಬಿ ಸಾಕಿದ್ದರೆ ಪಂಜರವನ್ನೂ ದೂರ ಇಡಿ.

ನಮ್ಮ ಕಡೆಯ ಶಹಾಬಾದ್ ಫರಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ನೆಲ. ನುಣುಪಾಗಿದೆ, ಟೇಪು ಹಿಡಿಯುತ್ತದೆ, ಮತ್ತೆ ಕಲ್ಲು ಕಲ್ಲಿನ ನಡುವಿನ ಗೆರೆ ಇದೆಯಲ್ಲ, ಅದನ್ನು ಸ್ಕೇಲಿನ ಹಾಗೆ ಬಳಸಬಹುದು. ಅಸ್ತರದ ಒಂದು ಅಂಚನ್ನು ಆ ಗೆರೆಗೆ ಸರಿಯಾಗಿ ಹಿಡಿದರೆ ಇಡೀ ಕೌದಿ ಓರೆಯಾಗೋದಿಲ್ಲ. ಆದರೆ ಅಂಟಿನ ಹನಿ ನೆಲಕ್ಕೆ ಬಿದ್ದರೆ ಅದರ ಮೇಲೆ ಧೂಳು ಕೂತು ಕರಿ ಪಟ್ಟಿ ಆಗುತ್ತದೆ. ಅಸ್ತರದ ಸುತ್ತ ಹಳೆ ಪಂಚೆ ಅಥವಾ ಪೇಪರ್ ಹಾಸಿ. ಬಿದ್ದಿದ್ದರೆ ಬಿಸಿ ನೀರು, ಸೋಪಿನ ಪುಡಿ ಹಾಕಿ ಅವತ್ತೇ ಒರೆಸಿ.

ಬಟ್ಟೆ ತಯಾರಿ

ಅಸ್ತರ ಎಲ್ಲ ಕಡೆಯೂ ಮೇಲಿನ ಬಟ್ಟೆಗಿಂತ ಮೂರು ನಾಲ್ಕು ಇಂಚು ದೊಡ್ಡದಿರಲಿ, ನಡುವಿನ ಹತ್ತಿ ಎರಡು ಇಂಚು ದೊಡ್ಡದಿರಲಿ. ಹೊಲಿಯುತ್ತಾ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಈ ಹೆಚ್ಚಿನ ಬಟ್ಟೆ ಕಾಯುತ್ತದೆ. ಡಬಲ್ ಕೌದಿಯ ಅಸ್ತರಕ್ಕೆ ಒಂದು ಹಳೆ ಕಾಟನ್ ಸೀರೆ ಸಾಕು. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡೂ ತುಂಡನ್ನು ಅಂಚಿಗೆ ಅಂಚು ಕೂಡಿಸಿದರೆ ಸುಮಾರು ಎರಡೂ ಮುಕ್ಕಾಲು ಮೀಟರ್ ಉದ್ದ, ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಸಿಗುತ್ತದೆ.

ಎಲ್ಲ ಬಟ್ಟೆಯನ್ನೂ ಮೊದಲು ತೊಳೆದು ಇಸ್ತ್ರಿ ಮಾಡಿಕೊಳ್ಳಿ. ಇಲಕಲ್ ಸೀರೆಯ ಕೆಂಪು ಸೆರಗು, ಗಾಢ ಬಣ್ಣದ ಕಣದ (ಕುಬಸದ ಬಟ್ಟೆಯ) ತುಂಡು ಇದ್ದರೆ ಇದನ್ನು ಮರೆಯಲೇಬೇಡಿ. ಕೊನೆಗೆ ಅಂಟು ಹೋಗಲಿ ಅಂತ ಕೌದಿಯನ್ನು ನೀರಿಗೆ ಹಾಕಲೇಬೇಕು, ಆಗ ಬಣ್ಣ ಬಿಟ್ಟರೆ ಎರಡು ತಿಂಗಳ ಕೆಲಸ ಹಾಳು. ತುಂಡನ್ನು ತಣ್ಣೀರಲ್ಲಿ ನೆನೆಸಿ, ಒಂದು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ, ಬಣ್ಣ ನಿಲ್ಲದಿದ್ದರೆ ಆ ತುಂಡನ್ನೇ ಬಿಡಿ. ರೇಷ್ಮೆ ತುಂಡಿದ್ದರೆ ಉಳಿದ ಚೂರಿನ ಮೇಲೆ ಅಂಟು ಹೊಡೆದು, ಒಂದು ದಿನ ಬಿಟ್ಟು, ತೊಳೆದು ಕಲೆ ಉಳಿಯಿತಾ ಅಂತ ನೋಡಿಕೊಂಡು ಮುಂದಕ್ಕೆ ಹೋಗಿ.

ನಡುವಿನ ಪದರದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕಂದರೆ ಇಲ್ಲೇ ನಮ್ಮ ಕೌದಿಗೂ ಹೊರಗಿನವರ ಕ್ವಿಲ್ಟಿಗೂ ವ್ಯತ್ಯಾಸ. ಅವರು ಹಾಕೋದು ಬ್ಯಾಟಿಂಗ್ ಅನ್ನುವ ಒಂದೇ ಹಾಳೆ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅಂಟು ಹೊಡೆದರೆ ಇಡೀ ಹಾಳೆ ಹಿಡಿದುಕೊಳ್ಳುತ್ತದೆ. ಗಾದಿ ಅಂಗಡಿಯಲ್ಲಿ ಹಿಂಜಿ ಕೊಡುವ ಬಿಡಿ ಹತ್ತಿಗೆ ಈ ಅಂಟು ನಡೆಯೋದಿಲ್ಲ. ಮೇಲಿನ ನವಿರು ಎಳೆ ಮಾತ್ರ ಬಟ್ಟೆಗೆ ಹತ್ತಿಕೊಂಡು, ಒಳಗಿನ ಹತ್ತಿ ತನ್ನಷ್ಟಕ್ಕೆ ಜಾರುತ್ತದೆ. ಬಿಡಿ ಹತ್ತಿ ತುಂಬುವುದಾದರೆ ಅವ್ವನ ಟಾಕಾನೇ ಸರಿ, ಅದಕ್ಕೆ ಬದಲಿಲ್ಲ.

ನಮ್ಮ ಹಳೆ ಪದ್ಧತಿಯಲ್ಲಿ ಒಳಗೆ ಮೂರು ನಾಲ್ಕು ಹಳೆ ಸೀರೆ, ಧೋತರ ಹಾಕುತ್ತೇವೆ. ಪ್ರತಿ ಪದರದ ನಡುವೆ ಅಂಟು ಹೊಡೆದರೆ ನಾಲ್ಕೈದು ಸಲ ಆಗುತ್ತದೆ. ಕೌದಿ ಹಲಗೆಯ ಹಾಗೆ ಬಿಗಿಯಾಗುತ್ತದೆ, ಸೂಜಿ ಅಷ್ಟೂ ಅಂಟಿನ ಪದರ ದಾಟಬೇಕು. ಕೌದಿಯ ಸುಖ ಇರುವುದೇ ಅದರ ಮೆತ್ತಗಿನ ಮೈಯಲ್ಲಿ. ಹಾಗಾಗಿ ನಾನು ಒಳಗಿನ ಸೀರೆಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಉದ್ದಕ್ಕೆ ನಾಲ್ಕೈದು ಸಾಲು ಟಾಕಾ ಹಾಕಿ ಒಂದೇ ಹಾಳೆಯ ಹಾಗೆ ಮಾಡಿಕೊಳ್ಳುತ್ತೇನೆ. ಆ ಟಾಕಾ ಒಳಗೇ ಉಳಿದುಹೋಗುತ್ತದೆ, ಬಿಚ್ಚೋದು ಬೇಕಿಲ್ಲ. ಅಂಟು ಎರಡೇ ಕಡೆ: ಅಸ್ತರಕ್ಕೂ ಒಳಹಾಳೆಗೂ ನಡುವೆ ಒಂದು ಸಲ, ಒಳಹಾಳೆಗೂ ಮೇಲಿನ ಬಟ್ಟೆಗೂ ನಡುವೆ ಒಂದು ಸಲ. ಅವ್ವ ಈ ಒಳಗಿನ ಟಾಕಾ ಕೆಲಸವನ್ನು ಈಗ ಮಂಚದ ಮೇಲೆ ಕೂತೇ ಮಾಡುತ್ತಾಳೆ, ಸೀರೆ ಜಾರಿದರೂ ಅಷ್ಟೇನೂ ಚಿಂತೆಯಿಲ್ಲದ ಕೆಲಸ ಅದು.

ಹೊಡೆಯುವ ಕ್ರಮ

ಅಸ್ತರವನ್ನು ಒಳಮೈ ಮೇಲೆ ಬರುವ ಹಾಗೆ ಫರಸಿ ಮೇಲೆ ಹಾಸಿ. ನಾಲ್ಕು ಬದಿಗಳ ನಡುವೆ ಮೊದಲು ಮಾಸ್ಕಿಂಗ್ ಟೇಪು ಹಚ್ಚಿ, ಆಮೇಲೆ ಮೂಲೆಗಳಿಗೆ. ಬಟ್ಟೆ ಸುಕ್ಕಿಲ್ಲದೆ ಬಿಗಿಯಾಗಿರಬೇಕು, ಆದರೆ ಎಳೆದಿರಬಾರದು. ಎಳೆದು ಟೇಪು ಹಚ್ಚಿದರೆ ಟೇಪು ತೆಗೆದ ಕೂಡಲೇ ಅದು ತನ್ನ ಜಾಗಕ್ಕೆ ವಾಪಸು ಬಂದು, ಮೇಲಿನ ಪದರವೆಲ್ಲ ಮಡತೆ ಮಡತೆ ಆಗುತ್ತದೆ. ಹಳೆ ಸೀರೆ ತುಂಬ ಮೆತ್ತಗಾಗಿರುವುದರಿಂದ ಸುಲಭವಾಗಿ ಎಳೆದುಕೊಳ್ಳುತ್ತದೆ, ಅಂಗೈಯಿಂದ ಸವರಿ ಕೂರಿಸಿದರೆ ಸಾಕು.

ಅದರ ಮೇಲೆ ಒಳಹಾಳೆಯನ್ನು ಹಾಸಿ ಸರಿ ಮಾಡಿ. ಈಗ ಅರ್ಧ ಭಾಗವನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ಇನ್ನರ್ಧ ಇದ್ದಲ್ಲೇ ಇರಲಿ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ. ಬಟ್ಟೆಯಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ, ಅಂದರೆ 25ರಿಂದ 30 ಸೆಂಟಿಮೀಟರ್ ದೂರ ಹಿಡಿದು, ಕೈ ನಿಲ್ಲಿಸದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಾ ಹೊಡೆಯಿರಿ. ಮಡಚಿದ ಒಳಹಾಳೆಯ ಮೇಲೆ ಹೊಡೆಯಿರಿ, ಅಸ್ತರದ ಮೇಲೆ ಅಲ್ಲ. ತೆಳ್ಳನೆ ಸೀರೆಯ ಅಸ್ತರಕ್ಕೆ ನೇರ ಹೊಡೆದರೆ ಅಂಟು ಆಚೆ ಬದಿಗೆ ಇಳಿದು ನೆಲಕ್ಕೇ ಅಂಟಿಕೊಳ್ಳುತ್ತದೆ. ಅಂಟು ಬಿದ್ದ ಬದಿ ಚಳಿಗಾಲದ ಮಂಜು ಕೂತಷ್ಟು ತೆಳ್ಳಗಿರಬೇಕು. ಒದ್ದೆ ಕಂಡರೆ, ಜೇಡರ ಬಲೆಯಂತೆ ಎಳೆ ಕಂಡರೆ ಜಾಸ್ತಿಯಾಯಿತು ಅಂತ ಅರ್ಥ. ಹಾಗಾದರೆ ತಕ್ಷಣ ಮುಚ್ಚಬೇಡಿ, ಕೆಲವು ನಿಮಿಷ ಬಿಡಿ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಆಫೀಸಿನಲ್ಲಿ ಬಳಸುವ ಹಳದಿ ಚೀಟಿಯ ಹಿಂಬದಿ ಇರುತ್ತಲ್ಲ, ಆ ಜಿಗುಟು ಇದ್ದರೆ ಸರಿ.

ಇಡೀ ಅರ್ಧವನ್ನು ಒಂದೇ ಸಲಕ್ಕೆ ಹೊಡೆಯಬೇಡಿ. ನಡುವಿನಿಂದ ಶುರು ಮಾಡಿ, ಎರಡು ಅಡಿ ಹೊಡೆದು, ಅಷ್ಟನ್ನು ಬಿಚ್ಚಿ ಕೂರಿಸಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ, ಆಮೇಲೆ ಮುಂದಿನ ಎರಡು ಅಡಿ. ಅಂಚಿನಿಂದ ಒಳಕ್ಕೆ ಸವರಿದರೆ ಎಲ್ಲ ಸಡಿಲವೂ ನಡುವೆ ಬಂದು ಉಬ್ಬುತ್ತದೆ. ಇಬ್ಬರಿದ್ದರೆ ಒಬ್ಬರು ಮಡಿಕೆ ಎತ್ತಿ ಹಿಡಿದುಕೊಳ್ಳಬಹುದು, ಕೆಲಸ ಎರಡು ಪಟ್ಟು ಚೊಕ್ಕ. ನನಗೆ ಪಕ್ಕದ ಮನೆಯ ಅಕ್ಕ ಬರುತ್ತಾರೆ, ಅವರ ಕೌದಿಗೆ ನಾನು ಹೋಗುತ್ತೇನೆ. ಒಂದು ಅರ್ಧ ಆದ ಮೇಲೆ ಇನ್ನೊಂದು ಅರ್ಧ ಮಡಚಿ ಹೀಗೇ ಮಾಡಿ.

ಮೇಲಿನ ಬಟ್ಟೆಗೂ ಇದೇ ಕ್ರಮ. ಆದರೆ ಇಲ್ಲಿ ತುಂಡುಗಳ ಸಾಲು ನೆಟ್ಟಗೆ ಬಂತಾ ಅಂತ ಪ್ರತಿ ಸಲವೂ ನಿಂತು ನೋಡಬೇಕು. ಒಳಹಾಳೆ ಮುಚ್ಚಿಹೋದ ಮೇಲೆ ಫರಸಿಯ ಗೆರೆ ಕಾಣೋದಿಲ್ಲ. ಅದಕ್ಕೆ ಮೊದಲೇ ಹೊರಗಿನ ನೆಲದ ಮೇಲೆ ಎರಡೂ ಬದಿಗೆ ಟೇಪಿನ ಚೂರು ಹಚ್ಚಿ ನಡುವಿನ ಗೆರೆ ಎಲ್ಲಿ ಅಂತ ಗುರುತು ಮಾಡಿಕೊಂಡರೆ, ಮೇಲಿನ ಬಟ್ಟೆಯ ನಡುಸಾಲನ್ನು ಅದಕ್ಕೆ ಹೊಂದಿಸೋದು ಸುಲಭ. ಓರೆ ಬಂದರೆ ಗಾಬರಿ ಬೇಡ. ಮೆಲ್ಲಗೆ ಎತ್ತಿ ಮತ್ತೆ ಕೂರಿಸಿ, ಹೊಸದಾಗಿ ಹೊಡೆಯದೆಯೇ ಹಿಡಿಯುತ್ತದೆ. ಟಾಕಾ ಹಾಕಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು, ಈ ಒಂದು ಸುಖಕ್ಕೇ ನನಗೆ ಸ್ಪ್ರೇ ಇಷ್ಟ.

ಎಲ್ಲ ಆದ ಮೇಲೆ ಟೇಪು ತೆಗೆದು ಇಡೀ ಕೌದಿಯನ್ನು ತಿರುವಿ ಹಾಕಿ. ಅಸ್ತರದ ಕಡೆ ಸುಕ್ಕು ಇದ್ದೇ ಇರುತ್ತದೆ, ಈಗಲೇ ಎತ್ತಿ ಬಿಡಿಸಿ. ಈ ಒಂದು ಹೆಜ್ಜೆ ಬಿಟ್ಟವರು ಹೊಲಿಗೆ ಮುಗಿದ ಮೇಲೆ ಹಿಂಬದಿ ನೋಡಿ ಅಳುತ್ತಾರೆ. ಆಮೇಲೆ ಸುತ್ತಲೂ ಅಂಚಿಗೆ ಒಂದು ಸಾಲು ಟಾಕಾ ಹಾಕಿ. ಅಂಟು ಮೊದಲು ಬಿಡೋದು ಅಂಚಿನಲ್ಲೇ, ಯಾಕಂದರೆ ಮಸಿನ್ನಿಗೆ ಹಾಕುವಾಗ, ಸುತ್ತುವಾಗ ಕೈ ತಾಗೋದು ಅಲ್ಲಿಗೇ. ಪಿನ್ನು ಹಾಕಿದರೂ ನಡೆಯುತ್ತದೆ.

ಹೊಲಿಯುವಾಗ

ಅಂಟು ಒಣಗಲಿ, ಅವಸರ ಬೇಡ. ನಾನು ಬೆಳಗ್ಗೆ ಅಂಟಿಸಿ ಸಂಜೆ ಮಸಿನ್ನಿಗೆ ಕೂರುತ್ತೇನೆ. ಅಲ್ಲಿಯವರೆಗೆ ಮಡಚಿ ಇಡಬೇಡಿ, ಚಾಪೆಯ ಹಾಗೆ ಸಡಿಲವಾಗಿ ಸುತ್ತಿ ಇಡಿ. ತಿಂಗಳುಗಟ್ಟಲೆ ಇಟ್ಟರೆ ಹಿಡಿತ ಬಿಟ್ಟುಹೋಗುತ್ತದೆ, ಹಾಗಾಗಿ ಹೊಲಿಯಲು ಪುರುಸೊತ್ತು ಇರುವ ವಾರದಲ್ಲೇ ಅಂಟಿಸಿ. ಮಸಿನ್ ಹೊಲಿಗೆಯನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ ಬನ್ನಿ. ಸೂಜಿ 14 ನಂಬರಿನದು ಹಾಕಿ. ಸೂಜಿಗೆ ಅಂಟು ಹತ್ತಿ ಹೊಲಿಗೆ ತಪ್ಪತೊಡಗಿದರೆ ಮಸಿನ್ ನಿಲ್ಲಿಸಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಸೂಜಿ ಒರೆಸಿ. ಪದೇ ಪದೇ ಹಾಗಾದರೆ ಹೊಸ ಸೂಜಿ ಹಾಕಿ, ಮುಂದಿನ ಸಲ ಅಂಟು ಕಡಿಮೆ ಹೊಡೆಯಿರಿ.

ಕೈಹೊಲಿಗೆಯವರಿಗೆ ನಾನು ಇದನ್ನು ಒತ್ತಾಯ ಮಾಡಿ ಹೇಳೋದಿಲ್ಲ. ದಬ್ಬಣ ಅಥವಾ ಉದ್ದ ಸೂಜಿಯಲ್ಲಿ ನಾಲ್ಕೈದು ಹೊಲಿಗೆ ಒಟ್ಟಿಗೆ ಎತ್ತಿ ದಾರ ಎಳೆಯುವಾಗ ಅಂಟು ತಡೆಯುತ್ತದೆ, ಬೆರಳು ನೋಯುತ್ತದೆ. ಅಂಚಿನಿಂದ ಸುತ್ತು ಹಾಕುತ್ತಾ ನಡುವಿಗೆ ಬರುವವರು ನಮ್ಮ ಕಡೆ ಇದ್ದಾರೆ. ಹಾಗೆ ಬರುವಾಗ ಮಿಕ್ಕ ಬಟ್ಟೆ ನಡುವೆ ಸೇರಿ ಉಬ್ಬುತ್ತದೆ, ಅಂಥವರಿಗೆ ಮಾತ್ರ ನಡುಭಾಗಕ್ಕೆ ತುಸು ಅಂಟು ಉಪಯೋಗಕ್ಕೆ ಬರುತ್ತದೆ. ಉಳಿದ ಕಡೆ ಟಾಕಾ ಹಾಕಿ. ಅರ್ಧ ಅದು, ಅರ್ಧ ಇದು ಮಾಡೋದರಲ್ಲಿ ಏನೂ ತಪ್ಪಿಲ್ಲ.

ತೊಳೆಯೋದು, ಡಬ್ಬಿ ಇಡೋದು

ಹೊಲಿಗೆ, ಅಂಚುಪಟ್ಟಿ ಎಲ್ಲ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ನೆನೆಸಿ, ಮೆಲ್ಲಗೆ ಒತ್ತಿ ತೊಳೆಯಿರಿ. ಅಂಟು ಜಾಸ್ತಿ ಬಿದ್ದಿದ್ದರೆ ಎರಡು ಸಲ ಬೇಕಾಗಬಹುದು. ತೊಳೆಯುವ ತನಕ ಬಿಸಿ ಇಸ್ತ್ರಿ ಎಳೆಯಬೇಡಿ, ಒಳಗೆ ಪಾಲಿಯೆಸ್ಟರ್ ಹಾಳೆ ಇದ್ದರಂತೂ ಬೇಡವೇ ಬೇಡ, ಅದು ಕರಗಿ ಚಪ್ಪಟೆಯಾಗುತ್ತದೆ. ತೊಳೆದಿರದ ಹತ್ತಿ ಹಾಳೆ ಮೊದಲ ನೀರಿಗೆ ತುಸು ಕುಗ್ಗುತ್ತದೆ, ಕೌದಿಗೆ ಸಣ್ಣ ಸಣ್ಣ ಸುಕ್ಕು ಬರುತ್ತದೆ. ನನಗೆ ಆ ಸುಕ್ಕು ಇಷ್ಟ, ಹಳೆ ಕೌದಿಯ ಮೈ ಹಾಗೇ ಇರುತ್ತದೆ. ಬಾಣಂತಿಗೆ, ಕೂಸಿಗೆ ಅಂತ ಹೊಲಿದ ಕೌದಿಯನ್ನು ತೊಳೆಯದೆ ಕೊಡಲೇಬೇಡಿ. ನಮ್ಮ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ, ನೆರಳಲ್ಲಿ ಹರವಿ ಒಣಗಿಸಿ.

ಕೆಲಸ ಮುಗಿದ ಕೂಡಲೇ ಡಬ್ಬಿಯನ್ನು ತಲೆಕೆಳಗೆ ಹಿಡಿದು, ಬರಿ ಗ್ಯಾಸ್ ಬರುವ ತನಕ ಒಂದು ಗಳಿಗೆ ಒತ್ತಿದರೆ ಮೂತಿ ಕಟ್ಟಿಕೊಳ್ಳೋದಿಲ್ಲ. ಇದನ್ನೂ ಕಿಟಕಿ ತೆರೆದಿಟ್ಟೇ, ಬೆಂಕಿಯಿಂದ ದೂರ ಮಾಡಿ. ಡಬ್ಬಿ 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ನಮ್ಮ ಊರಲ್ಲಿ ಮೇ ತಿಂಗಳ ನೆರಳಲ್ಲೇ 42, 43 ಆಗುತ್ತದೆ. ಹಾಗಿದ್ದ ಮೇಲೆ ಮುಚ್ಚಿದ ಕಾರಿನೊಳಗೆ, ತಗಡಿನ ಶೆಡ್ಡಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವ ಮಾತೇ ಇಲ್ಲ. ಕೌದಿ ಸಾಮಾನು ತರಲು ಸೂಪರ್ ಮಾರ್ಕೆಟ್‌ಗೆ ಹೋಗಿ ಡಬ್ಬಿಯನ್ನು ಗಾಡಿಯ ಡಿಕ್ಕಿಯಲ್ಲಿ ಬಿಟ್ಟು ಇನ್ನೊಂದು ಅಂಗಡಿಗೆ ಹೋಗಬೇಡಿ, ಚೀಲದಲ್ಲಿ ಜೊತೆಗೇ ಒಯ್ಯಿರಿ. ಮನೆಯಲ್ಲಿ ಅಡುಗೆಮನೆ, ಬಚ್ಚಲ ಒಲೆಯ ಹತ್ತಿರ ಇಡದೆ, ತಣ್ಣನೆ ಒಣ ಮೂಲೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಖಾಲಿಯಾದ ಡಬ್ಬಿಯಲ್ಲೂ ಗ್ಯಾಸ್ ಉಳಿದಿರುತ್ತದೆ. ಅದಕ್ಕೆ ಮೊಳೆ ಹೊಡೆಯಬೇಡಿ, ಓಣಿಯಲ್ಲಿ ಕಸ ಸುಡುವ ಜಾಗಕ್ಕೆ ಎಸೆಯಬೇಡಿ. ಕಸದ ಗಾಡಿ ಬಂದಾಗ ಬೇರೆ ಚೀಲದಲ್ಲಿ ಹಾಕಿ, ಇದು ಸ್ಪ್ರೇ ಡಬ್ಬಿ ಅಂತ ಹೇಳಿ ಕೈಗೇ ಕೊಡಿ.